ಆ ಹುಡುಗ ಈಗಿಲ್ಲ

ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸಿ ಸಂಬಳ ತಿನ್ನಲು ಶುರುಮಾಡಿದಂದಿನಿಂದ ನಾನು ಕೇಳುತ್ತ ಬಂದಿರುವುದು ಒಂದೇ ಪ್ರಶ್ನೆ: ಈ ಹುಡುಗನಿಗೆ ವಯಸ್ಸೆಷ್ಟು? ನನ್ನ ತಂಗಿಯ ಗಂಡ ಮದುವೆ ಮನೆಗಳಲ್ಲಿ ನನ್ನನ್ನು ಪರಿಚಯಿಸುವುದೂ ಹಾಗೆಯೇ. "ಇವ್ರು ಪ್ರೊಫೆಸರ್ ಖಲಾಯಿ. ಕಂಡೋರ ಮಕ್ಕಳ ವಯಸ್ಸು ಎಣಿಸೋದೇ ಇವ್ರ ಕೆಲಸ." ನಗಲಿ. ಹದಿನೆಂಟು ತುಂಬದವನು ಕೊಲೆಯನ್ನೇ ಮಾಡಿದ್ದರೂ ನಮ್ಮ ಕಾನೂನು ಅವನನ್ನು ಮೂರು ವರ್ಷಕ್ಕಿಂತ ಹೆಚ್ಚು ಕೂಡಿಹಾಕುವಂತಿಲ್ಲ, ಅದೂ ಮಕ್ಕಳ ಜೊತೆಯಲ್ಲೇ ಇಡಬೇಕು. ತುಂಬಿದವನಾದರೆ ದೊಡ್ಡವರ ಜೈಲು, ಬಹುಶಃ ಸಾಯುವವರೆಗೆ. ಇದು ಪೊಲೀಸರಿಗೂ ಚೆನ್ನಾಗಿ ಗೊತ್ತು. ಮೀಸೆ ಚಿಗುರಿದವನು ಸಿಕ್ಕಿದರೆ ಸಾಕು, ಕಣ್ಣುಮುಚ್ಚಿ ಹತ್ತೊಂಬತ್ತು ಎಂದು ಬರೆದುಬಿಡುತ್ತಾರೆ.

ನಮ್ಮ ಎಲ್ಗನ್ ಬೆಟ್ಟದ ಕಡೆ ಹುಟ್ಟಿದ ದಿನ ಬರೆದಿಡುವ ರೂಢಿ ಕಡಿಮೆ. ಬರೆದಿಟ್ಟರೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಜಾರಿದರೆ ಶಾಲೆ, ಚರ್ಚು, ಆಸ್ಪತ್ರೆ ಎಲ್ಲ ಕೆಸರಿನಡಿ. ಹಾಗಾಗಿ ನಾನು ಬೇರೊಂದು ದಾರಿ ಕಂಡುಕೊಂಡೆ. ಎರಡು ವರ್ಷಕ್ಕೊಮ್ಮೆ ಆಗಸ್ಟ್ ತಿಂಗಳಲ್ಲಿ ನಮ್ಮ ಹುಡುಗರು ಮೈಗೆ ಹಿಟ್ಟು ಬಳಿದುಕೊಂಡು, ತೊಡೆಗೆ ಗಂಟೆ ಕಟ್ಟಿಕೊಂಡು, ಊರೂರು ಕುಣಿದು, ಕಡೆಗೆ ಅಂಗಳದಲ್ಲಿ ಎಲ್ಲರೆದುರು ಮುಂದೊಗಲು ಕೊಯ್ಯಿಸಿಕೊಳ್ಳಲು ಕತ್ತಿಗೆ ನಿಲ್ಲುತ್ತಾರೆ. ಇದೇ ಇಂಬಾಲು. ಅಲ್ಲಿಗೆ ಹುಡುಗ ಹೋದ, ಗಂಡಸು ಬಂದ. ಒಂದೊಂದು ಇಂಬಾಲು ವರ್ಷಕ್ಕೂ ಒಂದೊಂದು ಹೆಸರಿದೆ, ಯಾವ ಮುದುಕಿಯೂ ಅದನ್ನು ಮರೆಯುವುದಿಲ್ಲ. "ಇವನು ಅಂಬೆಗಾಲಿಡ್ತಿದ್ದಾಗ ನಿಮ್ಮನೇಲಿ ಕತ್ತಿಗೆ ನಿಂತೋರು ಯಾರಮ್ಮ?" ಎಂದರೆ ಸಾಕು, ವಯಸ್ಸು ತಾನಾಗಿ ಹೊರಬೀಳುತ್ತದೆ. ಈ ಲೆಕ್ಕವನ್ನು ಮೂರು ನ್ಯಾಯಾಲಯಗಳು ಒಪ್ಪಿಕೊಂಡಿವೆ. ನನ್ನ ಹೆಸರು ಬಂದಿದ್ದೂ ಅದರಿಂದಲೇ. ಹೆಮ್ಮೆ ಇತ್ತು ನನಗೆ, ಇಲ್ಲ ಎನ್ನುವುದಿಲ್ಲ.

ಕುಲೋಬನ ಪ್ರಕರಣ ನನ್ನ ಕೈಗೆ ಬಂದಾಗ ಅವನು ಎಂಬಾಲೆ ಪಟ್ಟಣದ ದೊಡ್ಡವರ ಜೈಲಿನಲ್ಲಿದ್ದ. ಬಾಡಿಗೆ ಬೈಕ್ ಓಡಿಸುವ ಒಬ್ಬನನ್ನು ಕಾಫಿ ತೋಟಗಳ ನಡುವಿನ ದಾರಿಯಲ್ಲಿ ಯಾರೋ ಕಲ್ಲಿನಿಂದ ಹೊಡೆದು ಕೊಂದು ಬೈಕ್ ಒಯ್ದಿದ್ದರು. ಬೈಕ್ ಮಾರಲು ಹೋದ ಮೂವರಲ್ಲಿ ಇಬ್ಬರು ತಪ್ಪಿಸಿಕೊಂಡರು. ಸಿಕ್ಕಿಬಿದ್ದವನು ಇವನು. ಅವನ ಅಪ್ಪ ವಾಂಗೂಸಿ ನಮ್ಮದೇ ಕುಲದವನು, ನನ್ನನ್ನು ಅಕ್ಕ ಎನ್ನುತ್ತಾನೆ. ಅಮ್ಮ ಗುಡ್ಡ ಜಾರಿದ ವರ್ಷವೇ ತೀರಿಕೊಂಡಿದ್ದಳು. ಜೈಲಿಗೆ ಹೋಗಿ ನೋಡಿದರೆ, ತನಗಿಂತ ಎರಡು ಪಟ್ಟು ದೊಡ್ಡ ಹಳದಿ ಅಂಗಿಯೊಳಗೆ ಕೂತು ಉಗುರು ಕಚ್ಚುತ್ತಿದ್ದ.

"ನಾನಲ್ಲ ಅತ್ತೆ," ಎಂದ. "ನಾನು ಅಲ್ಲಿರ್ಲೇ ಇಲ್ಲ."

ನಾನು ನಂಬಿದೆ. ಆರೋಪಿ ಹೇಳಿದ್ದನ್ನೆಲ್ಲ ನಂಬಬಾರದೆಂದು ಪ್ರತಿವರ್ಷ ಮೊದಲ ತರಗತಿಯಲ್ಲೇ ಪಾಠ ಹೇಳುವ ನಾನು, ಆ ಉಗುರು ಕಚ್ಚುವುದನ್ನು ನೋಡಿ ನಂಬಿಬಿಟ್ಟೆ. ನನ್ನ ಲೆಕ್ಕದಲ್ಲಿ ಅವನಿಗೆ ಹದಿನೈದು. ರಾಜಧಾನಿ ಕಂಪಾಲಾಕ್ಕೂ ಎಂಬಾಲೆಗೂ ಅಲೆದು, ಸಿಕ್ಕಸಿಕ್ಕವರ ಹತ್ತಿರ ಜಗಳವಾಡಿ ಜಾಮೀನು ಕೊಡಿಸಿದೆ. ವಯಸ್ಸಿನ ವಿಚಾರಣೆ ಸೆಪ್ಟೆಂಬರಿಗೆ ನಿಗದಿಯಾಯಿತು. ಹುಡುಗನನ್ನು ಅಪ್ಪನ ಕೈಗೊಪ್ಪಿಸಿ, "ಹುಷಾರಾಗಿ ನೋಡ್ಕೋ, ಯಾವ ಗಲಾಟೆಗೂ ಬಿಡ್ಬೇಡ," ಎಂದಿದ್ದೆ.

"ನೀವು ನಿಶ್ಚಿಂತೆಯಾಗಿರಿ ಅಕ್ಕ. ಅವನನ್ನ ಒಳ್ಳೆ ದಾರಿಗೆ ತರೋದು ನನ್ನ ಜವಾಬ್ದಾರಿ," ಎಂದಿದ್ದ ವಾಂಗೂಸಿ.

ವಿಚಾರಣೆಯ ಬೆಳಿಗ್ಗೆ ನ್ಯಾಯಾಲಯದ ಅಂಗಳದಲ್ಲಿ ಹುಡುಗನನ್ನು ನೋಡಿ ನನಗೆ ಏನೋ ಕಸಿವಿಸಿಯಾಯಿತು. ಅಪ್ಪನ ಕೋಟು ಹಾಕಿದ್ದ. ಕಾಲನ್ನು ಅಗಲಿಸಿ ನಿಧಾನವಾಗಿ ನಡೆಯುತ್ತಿದ್ದ. ಯಾವಾಗಲೂ ಓಡಿಬಂದು ಕೈ ಹಿಡಿದುಕೊಳ್ಳುತ್ತಿದ್ದವನು ಅಂದು ನಾಲ್ಕು ಹೆಜ್ಜೆ ದೂರ ನಿಂತು, ಕೈ ಚಾಚಿ, ಊರ ಹಿರಿಯರ ಹಾಗೆ "ಚೆನ್ನಾಗಿದೀರಾ?" ಎಂದ. ಕೋಪ ಬಂತು. ವಕೀಲ ಮುಡೋಮಾ ಕಡೆ ತಿರುಗಿ, "ಇವನಿಗೆ ಕೋಟು ಹಾಕ್ಸಿದ್ದು ಯಾರು? ಹುಡುಗನ ಥರ ಕಾಣ್ಲಿ ಅಂತ ಹೇಳಿರ್ಲಿಲ್ವಾ?" ಎಂದು ರೇಗಿದೆ. ಮುಡೋಮಾ ನನ್ನ ಹಳೆಯ ವಿದ್ಯಾರ್ಥಿ, ಸರಕಾರದ ಖರ್ಚಿನಲ್ಲಿ ವಾದಿಸುವ ಪಾಪದ ಹುಡುಗ. "ಚಳಿ ಇರ್ಬೇಕು ಮೇಡಂ," ಎಂದ.

ನ್ಯಾಯಾಧೀಶೆ ಕೆಂಬಬಾಜಿ ದೇಶದ ಪಶ್ಚಿಮದ ಕಡೆಯವರು. ನಮ್ಮ ಭಾಷೆ ಬಾರದು, ನಮ್ಮ ಇಂಬಾಲು ಅವರಿಗೆ ಟಿವಿಯಲ್ಲಿ ಕಂಡಷ್ಟೇ. ದುಭಾಷಿಯಾಗಿ ಒಬ್ಬ ಮುದುಕ ನಿಂತಿದ್ದ. ಮೊದಲು ನನ್ನ ಸಾಕ್ಷ್ಯವಾಯಿತು. ಲೆಕ್ಕ ಬಿಡಿಸಿ ಹೇಳಿದೆ. ಹಲ್ಲಿನ ವೈದ್ಯರ ವರದಿ ಹದಿನೈದರಿಂದ ಹತ್ತೊಂಬತ್ತರ ನಡುವೆ ಎಂದಿತ್ತು, ಅಂದರೆ ಏನೂ ಹೇಳಿರಲಿಲ್ಲ. ನ್ಯಾಯಾಧೀಶೆ ತಲೆಯಾಡಿಸಿ, ಹುಡುಗನ ಕಡೆ ತಿರುಗಿ ಮೃದುವಾಗಿಯೇ ಕೇಳಿದರು.

"ನಿನಗೆ ಎಷ್ಟು ವಯಸ್ಸಪ್ಪ?"

"ಹತ್ತೊಂಬತ್ತು," ಎಂದ ಕುಲೋಬ. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ, "ನಾನು ಹುಡುಗ ಅಲ್ಲ. ಗಂಡಸು."

ದುಭಾಷಿ ಅನುವಾದಿಸುವ ಮೊದಲೇ ಹಿಂದಿನ ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಪೊಲೀಸ್ ಪರ ವಕೀಲ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಅವನಿಗೆ ಇನ್ನೇನು ಬೇಕು? ನ್ಯಾಯಾಧೀಶೆ ಅಪ್ಪನನ್ನು ಕೇಳಿದರು. ವಾಂಗೂಸಿ ಎದ್ದು ನಿಂತು, ಅಳುಕಿಲ್ಲದೆ, "ಹೌದು, ಹತ್ತೊಂಬತ್ತು," ಎಂದ. ನನ್ನ ಮುಖ ನೋಡಿ ಅಯ್ಯೋ ಅನಿಸಿತೋ ಏನೋ, ನ್ಯಾಯಾಧೀಶೆ ಸ್ವಲ್ಪ ಹೊತ್ತು ವಿರಾಮ ಕೊಟ್ಟರು.

ವಾಂಗೂಸಿಯ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. "ತಲೆ ಕೆಟ್ಟಿದೆಯೇನೋ ನಿಂಗೆ? ಮಗನನ್ನ ಜೀವಂತ ಹೂಳ್ತಿದೀಯಲ್ಲೋ!"

"ಯಾಕಕ್ಕ ಕೂಗಾಡ್ತೀರಾ?" ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಹೋದ ತಿಂಗಳು ಕತ್ತಿಗೆ ನಿಲ್ಲಿಸ್ದೆ. ಹೇಗೆ ನಿಂತ ಅಂತೀರಾ! ರೆಪ್ಪೆ ಕೂಡ ಅಲ್ಲಾಡ್ಸಿಲ್ಲ. ಊರಿಗೆ ಊರೇ ನೋಡ್ತು."

"ಹದಿನೈದಕ್ಕೇ? ಜಾಮೀನಿನ ಮೇಲಿದ್ದಾಗ? ನನ್ನ ಒಂದು ಮಾತು ಕೇಳ್ದೆ?"

"ಹೆಂಗಸ್ರನ್ನ ಕೇಳೋ ವಿಷ್ಯವಾ ಅದು?" ಎಂದು ಸಂಕೋಚದಿಂದ ನಕ್ಕ. ಆಮೇಲೆ, ಪೆದ್ದ ವಿದ್ಯಾರ್ಥಿನಿಗೆ ತಿಳಿಹೇಳುವಂತೆ, ತಗ್ಗಿದ ದನಿಯಲ್ಲಿ ಹೇಳಿದ. "ನೀವೂ ಬೆಟ್ಟದ ಮಗಳೇ ಅಲ್ವಾ ಅಕ್ಕ? ಕತ್ತಿಗೆ ನಿಂತ ಮಾರನೇ ದಿನ ಏನ್ಮಾಡ್ತಾರೆ? ಕೈ ತೊಳೆಸ್ತಾರೆ. 'ನಿನ್ನೆವರ್ಗೂ ಮಾಡಿದ್ದೆಲ್ಲ ಹುಡುಗ ಮಾಡಿದ್ದು, ಆ ಹುಡುಗ ಈಗಿಲ್ಲ, ಇವತ್ತಿಂದ ನೀನು ಗಂಡಸು' ಅಂತಾರೆ. ಇಲ್ಲದೇ ಇರೋನ ಮೇಲೆ ಯಾವ ಕೇಸ್ ಹಾಕ್ತಾರೆ ಇವ್ರು? ಆದ್ರೆ ಗಂಡಸು ಅನ್ನೋಕೆ ಸರಕಾರದಲ್ಲಿ ಹದಿನೆಂಟು ದಾಟಿರ್ಬೇಕಂತೆ. ಅದ್ಕೇ ಹತ್ತೊಂಬತ್ತು ಅಂತ ಹೇಳ್ಕೊಟ್ಟೆ."

ಅದೇ ಇಂಬಾಲಿನ ಮೇಲೆ ನಾನು ಎರಡು ಪುಸ್ತಕ ಬರೆದಿದ್ದೇನೆ. ಅದರಿಂದ ವರ್ಷ ಎಣಿಸುವುದನ್ನು ಕಲಿತೆ, ಜನ ಅದರಿಂದ ಏನನ್ನು ತೊಳೆದುಕೊಳ್ಳುತ್ತಾರೆ ಎಂದು ಯೋಚಿಸಲೇ ಇಲ್ಲ. ಹೊಲದ ಜಗಳಕ್ಕೆ, ಕೋಳಿ ಕದ್ದದ್ದಕ್ಕೆ ಅನ್ವಯಿಸುವ ಮಾತನ್ನು ಇವನು ಕೊಲೆಯ ಮೊಕದ್ದಮೆಗೆ ತಂದು ಅಂಟಿಸಿದ್ದ. ಬೈಯಲೂ ಆಗಲಿಲ್ಲ, ಅಷ್ಟು ಪ್ರೀತಿಯಿಂದ ಮಾಡಿದ್ದ.

ತಿರುಗಿ ಒಳಗೆ ಹೋಗುವಷ್ಟರಲ್ಲಿ ನನಗೊಂದು ದಾರಿ ಹೊಳೆಯಿತು. ಕಾನೂನು ನೋಡುವುದು ಕೃತ್ಯ ನಡೆದ ದಿನದ ವಯಸ್ಸನ್ನು. ಇಂದು ತಾನು ಹುಡುಗ ಎಂದು ಹೇಳಿಕೊಳ್ಳಲು ಕುಲೋಬನಿಗೆ ಸಾಯುವಷ್ಟು ಅವಮಾನ. ಆದರೆ ಅಂದು ಹುಡುಗನಾಗಿದ್ದೆ ಎನ್ನಲು ಯಾವ ಅವಮಾನವೂ ಇಲ್ಲ, ಎಲ್ಲ ಗಂಡಸರೂ ಒಂದು ಕಾಲಕ್ಕೆ ಹುಡುಗರೇ. ಮುಡೋಮಾನ ಕಿವಿಯಲ್ಲಿ ಪ್ರಶ್ನೆಯನ್ನು ಹೇಳಿದೆ. ಅವನ ಕಣ್ಣು ಮಿನುಗಿತು. ನನಗೂ ಒಳಗೊಳಗೇ ಖುಷಿಯಾಯಿತು.

ಮುಡೋಮಾ ಎದ್ದು ಕೇಳಿದ. "ಆ ಬೈಕಿನವನು ಸತ್ತ ದಿನ ನೀನು ಕತ್ತಿಗೆ ನಿಂತಾಗಿತ್ತಾ?"

"ಇಲ್ಲ," ಎಂದ ಕುಲೋಬ ಕೂಡಲೇ.

"ಅಂದ್ರೆ ಅವತ್ತು ನೀನು ಯಾರು?"

"ಹುಡುಗ."

ಅಷ್ಟೇ ಬೇಕಾಗಿದ್ದದ್ದು. ಮುಡೋಮಾ ಕೂರಲು ಬಗ್ಗಿದ. ಆದರೆ ಕುಲೋಬನ ಮಾತು ಮುಗಿದಿರಲಿಲ್ಲ. ಕೋಟಿನ ಗುಂಡಿ ಸರಿಮಾಡಿಕೊಂಡು, ಹೇಳಿಕೊಟ್ಟ ಪಾಠ ಒಪ್ಪಿಸುವವನಂತೆ ಮುಂದುವರಿಸಿದ. "ಅದನ್ನ ಮಾಡಿದ್ದು ಆ ಹುಡುಗ. ಬೈಕ್ ನಿಲ್ಸು ಅಂತ ಕೈ ಮಾಡಿದ್ದು ಅವನೇ. ಕಲ್ಲು ಎತ್ತಿದ್ದೂ ಅವನೇ. ಮಿಕ್ಕಿಬ್ರು ಸಾಕು ಬಿಡು ಅಂದ್ರು. ಆ ಹುಡುಗ ಬಿಡ್ಲಿಲ್ಲ, ಇನ್ನೊಂದ್ಸಲ ಹೊಡ್ದ."

ದುಭಾಷಿ ಅನುವಾದಿಸುವುದನ್ನು ಬಿಟ್ಟು ನನ್ನ ಕಡೆ ತಿರುಗಿದ.

"ಏನು ಹೇಳ್ತಿದಾನೆ ಅವನು?" ನ್ಯಾಯಾಧೀಶೆ ಕೇಳಿದರು. ಮುದುಕ ತಡವರಿಸುತ್ತ ಹೇಳಿದ. ಅವರ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಬಿತ್ತು. "ಅವನಿಗೆ ನಿಲ್ಲಿಸೋಕೆ ಹೇಳಿ. ಹೇಳ್ಬೇಕಾಗಿಲ್ಲ ಇದನ್ನೆಲ್ಲ. ವಕೀಲರೇ, ನಿಲ್ಲಿಸ್ರಿ ಅವನನ್ನ!"

ನಿಲ್ಲಲಿಲ್ಲ ಅವನು. ನನ್ನ ಕಡೆಗೇ ನೋಡಿ, ಅತ್ತೆಗೆ ಸಂತೋಷವಾಗಲಿ ಎಂಬಂತೆ, "ಅವನು ನೀರು ಕೇಳ್ದ. ಆ ಹುಡುಗ ಕೊಡ್ಲಿಲ್ಲ," ಎಂದ.

ಎಷ್ಟೋ ಮಕ್ಕಳು ಸುಳ್ಳು ಹೇಳುವುದನ್ನು ಕೇಳಿದ್ದೇನೆ, ಅತ್ತು ಒಪ್ಪಿಕೊಳ್ಳುವುದನ್ನು ಕೇಳಿದ್ದೇನೆ. ಪಕ್ಕದ ಮನೆಯವನ ಸುದ್ದಿ ಹೇಳುವ ಹಾಗೆ ತನ್ನ ಕೊಲೆಯನ್ನು ಹೇಳುವವನನ್ನು ಕಂಡಿರಲಿಲ್ಲ. ಇವನಲ್ಲ ಎಂದು ಊರೆಲ್ಲ ಸಾರಿ ಜಾಮೀನು ತಂದವಳು ನಾನು. ಅವನ ಬಾಯಿ ಬಿಡಿಸಿದ ಪ್ರಶ್ನೆಯೂ ನನ್ನದೇ. ಮುಡೋಮಾ ನನ್ನ ಕಡೆ ತಿರುಗಿ, "ಈಗೇನ್ ಮಾಡೋದು ಮೇಡಂ?" ಎಂದು ಪಿಸುಗುಟ್ಟಿದ. ನನಗೇನು ಗೊತ್ತು? ಯಾವ ಪುಸ್ತಕದಲ್ಲಿದೆ ಇದು?

ನ್ಯಾಯಾಧೀಶೆ ಪೆನ್ನನ್ನು ಮತ್ತೆ ಎತ್ತಿಕೊಂಡು ಹೇಳಿದರು. ಹತ್ತೊಂಬತ್ತು ಎಂದದ್ದು ಕತ್ತಿಗೆ ನಿಂತ ಹೆಮ್ಮೆಯ ಮಾತು, ಕೃತ್ಯ ನಡೆದ ದಿನ ಆರೋಪಿ ಬಾಲಕನಾಗಿದ್ದ, ಪ್ರೊಫೆಸರ್ ಅವರ ಲೆಕ್ಕವನ್ನು ನ್ಯಾಯಾಲಯ ಒಪ್ಪುತ್ತದೆ. ಮಕ್ಕಳ ಕಾನೂನಿನಂತೆಯೇ ವಿಚಾರಣೆ ನಡೆಯಲಿ. ಜಾಮೀನು ರದ್ದು, ಇಂದೇ ಮಕ್ಕಳ ಗೃಹಕ್ಕೆ ಕಳಿಸಿ. ನಾನು ಬಂದಿದ್ದು ಇದಕ್ಕಾಗಿ. ಗೆದ್ದಿದ್ದೆ. ಲೆಕ್ಕದ ಹಾಳೆಗಳನ್ನು ಮಡಿಸದೆಯೇ ಚೀಲಕ್ಕೆ ತುರುಕಿದೆ.

ವಾಂಗೂಸಿಗೆ ಕೇಳಿಸಿದ್ದು ಬೇರೆಯೇ. ಅವನ ಮುಖ ಅರಳಿತ್ತು. ಕಟಕಟೆಯ ಬಳಿ ಹೋಗಿ ಮಗನ ಬೆನ್ನು ತಟ್ಟಿ, "ಸರಿ, ನಡಿ ಮನೆಗೆ ಹೋಗೋಣ," ಎಂದ. ಇಬ್ಬರೂ ಬಾಗಿಲ ಕಡೆ ಹೊರಟರು. ಪೊಲೀಸಿನವನು ಓಡಿಬಂದು ಅಡ್ಡನಿಂತ.

"ಯಾರನ್ನ ಹಿಡ್ಕೋತಿದೀಯಪ್ಪ ನೀನು?" ವಾಂಗೂಸಿಗೆ ಆಶ್ಚರ್ಯ. "ಈಗ್ತಾನೇ ಕೇಳಿಸ್ಕೊಂಡ್ಯಲ್ಲ? ಮಾಡಿದ್ದು ಆ ಹುಡುಗ. ಅವನಿಲ್ಲ ಈಗ. ಇವನು ಗಂಡಸು. ನೀನೂ ಬೆಟ್ಟದೋನೇ ತಾನೆ?"

ಪೊಲೀಸಿನವನೂ ಬೆಟ್ಟದವನೇ. ದೇವರಾಣೆಗೂ, ಅರೆಕ್ಷಣ ಅವನ ಕೈ ಹಿಂಜರಿಯಿತು. ನನ್ನ ಕಣ್ಣಾರೆ ಕಂಡೆ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದಳು. ಸತ್ತ ಬೈಕಿನವನ ಹೆಂಡತಿ, ಖೈಂಜಾ ಎಂದು ಹೆಸರು. ಬೆಳಗಿನಿಂದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅಲ್ಲೇ ಕೂತಿದ್ದಳು. ಅವಳನ್ನು ನಾನು ಒಮ್ಮೆಯೂ ಮಾತಾಡಿಸಿರಲಿಲ್ಲ, ನನ್ನ ಕೆಲಸಕ್ಕೆ ಅವಳ ಅಗತ್ಯವಿರಲಿಲ್ಲ. ಎಲ್ಲರೂ ದಾರಿ ಬಿಟ್ಟರು. ಅವಳು ಕೂಗಲಿಲ್ಲ, ಶಾಪ ಹಾಕಲಿಲ್ಲ. ಕುಲೋಬನ ಮುಂದೆ ಬಂದು ನಿಂತು, ಗಂಡಸರೊಡನೆ ಮಾತಾಡುವ ಮರ್ಯಾದೆಯಲ್ಲೇ ಕೇಳಿದಳು.

"ನೀವು ಗಂಡಸ್ರಾದ್ರಂತೆ, ಒಳ್ಳೇದು. ನಂಗೆ ನಿಮ್ಮತ್ರ ಏನೂ ಕೆಲ್ಸ ಇಲ್ಲ. ನನ್ ಗಂಡ ನೀರು ಕೇಳ್ದಾಗ ಕೊಡ್ಲಿಲ್ವಲ್ಲ, ಆ ಹುಡುಗ ಎಲ್ಲಿದಾನೆ ಹೇಳಿ. ಅವನನ್ನ ಒಂದ್ಸಲ ನೋಡ್ಬೇಕು."

"ಹೋದ ಅಂತ ಹೇಳೋ," ಎಂದ ವಾಂಗೂಸಿ.

ಕುಲೋಬ ಅಪ್ಪನನ್ನು ನೋಡಿದ. ಅವಳ ಬೆನ್ನಿನ ಮೇಲಿದ್ದ ಮಗುವನ್ನು ನೋಡಿದ. ಬೆರಳು ಬಾಯಿಗೆ ಹೋಗಿ ಉಗುರು ಕಚ್ಚತೊಡಗಿದ. ಅಪ್ಪ, "ಏಯ್, ಗಂಡಸು ನೀನು," ಎಂದು ಗದರಿದ. ಅವನು ನಿಧಾನವಾಗಿ ಕೋಟನ್ನು ಬಿಚ್ಚಿ ಅಪ್ಪನ ಕೈಗೆ ಕೊಟ್ಟ. ಒಳಗೆ ಶಾಲೆಯ ಅಂಗಿ ಇತ್ತು. ಆಮೇಲೆ ಆ ಹೆಂಗಸಿನ ಮುಂದೆ, ಕತ್ತಿಗೆ ನಿಂತ ಗಂಡಸು ಯಾವ ಹೆಣ್ಣಿನ ಮುಂದೆಯೂ ಮಾಡದ ಹಾಗೆ, ಮಂಡಿಯೂರಿ ಕೂತ.

"ಇಲ್ಲೇ ಇದಾನಮ್ಮ," ಎಂದ.