ಮಾವನ ಬುಟ್ಟಿಯ ಎಳೆ ಚಿಪ್ಪುಗಳು

ಸಮುದ್ರ ತುಂಬ ಹಿಂದೆ ಸರಿಯುವ ದೊಡ್ಡ ಇಳಿತದ ದಿನ ಗ್ರಾನ್ವಿಲ್ ಬಂದರಿನಲ್ಲಿ ಫೆರಿ ಹತ್ತುವವರೆಲ್ಲರ ಕೈಯಲ್ಲೂ ಬುಟ್ಟಿಯೋ ಬಕೆಟ್ಟೋ ಇರುತ್ತದೆ, ದ್ವೀಪದ ಮರಳು ಕೆದಕಿ ತಿನ್ನುವ ಚಿಪ್ಪುಮೀನು ಹೆಕ್ಕಿ ತರಲು. ನನ್ನ ಮಾವ ಲೆಯೊನ್ಸ್ ಅವರ ನಡುವೆ ಓಡಾಡುತ್ತ ಅಳತೆಪಟ್ಟಿ ಹಂಚುತ್ತಾರೆ. ಅಂಗೈಯಗಲದ ಪ್ಲಾಸ್ಟಿಕ್ ತುಂಡು, ಅದರಲ್ಲೊಂದು ಕಂಡಿ. ಆ ಕಂಡಿಯಲ್ಲಿ ನುಸುಳುವ ಚಿಪ್ಪು ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದು, ಅದನ್ನು ಅಲ್ಲೇ ಬಿಟ್ಟುಬರಬೇಕು. ಅಂಚೆ ಇಲಾಖೆಯಿಂದ ನಿವೃತ್ತರಾದ ಮೇಲೆ ಹನ್ನೊಂದು ವರ್ಷದಿಂದ ಇದು ಅವರ ಕೆಲಸ. ಸಂಬಳವಿಲ್ಲ.

"ತಗೊಳ್ಳಿ ಮೇಡಂ, ಪುಕ್ಕಟೆ," ಎಂದರು ಆ ದಿನ ಕೆಂಪು ಟೋಪಿಯ ಹೆಂಗಸೊಬ್ಬಳಿಗೆ. "ಎಳೇವನ್ನೆಲ್ಲ ಬಾಚ್ಕೊಂಡ್ ಬಂದ್ರೆ ನಿಮ್ಮ ಮೊಮ್ಮಕ್ಕಳಿಗೆ ಏನೂ ಉಳಿಯಲ್ಲ."

"ಮೊಮ್ಮಕ್ಕಳಾ? ನಂಗೆಷ್ಟು ವಯಸ್ಸು ಅಂದ್ಕೊಂಡ್ರಿ ಯಜಮಾನ್ರೇ?"

ಸಾಲು ನಕ್ಕಿತು. ಮಾವನೂ ನಕ್ಕರು. ನನಗೂ ಒಂದು ಪಟ್ಟಿ ಕೊಟ್ಟರು.

ನಾನು ಲಿಮೋಜಿನವನು, ಸಮುದ್ರವಿಲ್ಲದ ಊರಿನವನು. ಅವರ ಮಗಳು ಸೊಲೆನ್‌ಳನ್ನು ಮದುವೆಯಾಗಿ ಒಂದು ವರ್ಷವಾಗಿತ್ತು. ಹಿಂದಿನ ಸಲ ನನ್ನ ಬಕೆಟ್ಟಿನಲ್ಲಿ ಒಂಬತ್ತು ಚಿಪ್ಪುಗಳಿದ್ದವು. "ಓದಿದವನ ಬೇಟೆ ನೋಡ್ರೇ, ಒಂದೊಂದಕ್ಕೂ ಟಿಪ್ಪಣಿ ಬರೆದಿರ್ಬೇಕು," ಎಂದು ಅತ್ತೆ ಊಟದ ಮೇಜಿನಲ್ಲಿ ನಗಿಸಿದ್ದರು. ಅದರಲ್ಲಿ ವಿಷವೇನೂ ಇರಲಿಲ್ಲ. ಆದರೂ ಆ ಮಾತು ವರ್ಷವಿಡೀ ನನ್ನೊಳಗೆ ಕೂತಿತ್ತು.

ಫೆರಿ ನಮ್ಮನ್ನಿಳಿಸಿದ ಶೋಜೆ ದ್ವೀಪಗಳಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ನೀರು ಪೂರ್ತಿ ಹಿಂದೆ ಸರಿದಿತ್ತು. ಬೆಳಿಗ್ಗೆ ಬಿಡಿಬಿಡಿಯಾಗಿದ್ದ ಬಂಡೆಗಳೆಲ್ಲ ಒಂದೇ ನೆಲವಾಗಿದ್ದವು. ಮಾವ ದೂರದ ಮರಳಿನ ದಿಬ್ಬಕ್ಕೆ ಹೋದರು. ನಾನೊಬ್ಬನೇ ಬಗ್ಗಿ ಕೆದಕಿದೆ. ಅದೃಷ್ಟಕ್ಕೆ ಒಳ್ಳೆಯ ಜಾಗ ಸಿಕ್ಕಿತ್ತು. ಮೊದಲು ಒಂದೊಂದನ್ನೂ ಅಳೆದೆ. ಆಮೇಲೆ ಕಣ್ಣಳತೆಯಲ್ಲಿ ನೋಡಿದೆ. ನೀರು ತಿರುಗತೊಡಗಿದಾಗ ಅದೂ ಇಲ್ಲ, ಸಿಕ್ಕಿದ್ದೆಲ್ಲ ಬಕೆಟ್ಟಿಗೆ ಹೋಯಿತು.

ಮಾವ ಬಂದು ಇಣುಕಿ ಶಿಳ್ಳೆ ಹಾಕಿದರು. "ಇವತ್ತು ನಿಮ್ಮತ್ತೆ ಬಾಯಿ ಮುಚ್ಚಿಸ್ಬಿಟ್ಟೆ ಕಣೋ! ಎಲ್ಲ ಅಳೆದಿದ್ದೀಯಲ್ಲ?"

"ಹೂಂ, ಅಳೆದೆ," ಎಂದೆ.

ಇಷ್ಟೇ. ಇನ್ನೊಂದು ಮಾತು ಕೇಳಲಿಲ್ಲ ಅವರು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಚಿಪ್ಪು ಬೆವರುತ್ತದೆಂದು ನನ್ನದನ್ನೆಲ್ಲ ತಮ್ಮ ಬೆತ್ತದ ಬುಟ್ಟಿಗೆ ಸುರಿದುಕೊಂಡು, ಮೇಲೆ ಒದ್ದೆ ಪಾಚಿ ಹೊದಿಸಿದರು. ಬೇಡ ಎನ್ನಲು ನನಗೆ ಆಗ ಸಾಕಷ್ಟು ಸಮಯವಿತ್ತು.

ಸಂಜೆ ದ್ವೀಪದ ಫೆರಿ ಕಟ್ಟೆಯ ಮೇಲೆ ಚಿಪ್ಪಿನ ಅಳತೆ ನೋಡುವ ತಪಾಸಣೆಯವನು ನಿಂತಿದ್ದ. ಮಾವನನ್ನು ಕಂಡು ಕೈಬೀಸಿದ. "ಲೆಯೊನ್ಸ್, ನೀವು ನಡೀರಿ. ನಿಮ್ಮ ಬುಟ್ಟಿ ತಪಾಸಣೆ ಮಾಡೋಕೆ ನಂಗೇ ನಾಚಿಕೆ."

"ಹಂಗೆಲ್ಲ ಆಗಲ್ಲಪ್ಪ. ಎಲ್ಲರದ್ದೂ ನೋಡ್ತೀಯ, ನಂದೂ ನೋಡು," ಎಂದು ಮಾವ ತಾವಾಗಿಯೇ ಪಾಚಿ ಸರಿಸಿದರು, ಸಾಲಿನಲ್ಲಿದ್ದವರಿಗೆಲ್ಲ ಕಾಣುವಂತೆ.

ಅವನು ನಗುತ್ತಲೇ ಒಂದನ್ನು ಎತ್ತಿ ತನ್ನ ಅಳತೆಪಟ್ಟಿಯ ಕಂಡಿಗೆ ಹಿಡಿದ. ನುಸುಳಿತು. ಇನ್ನೊಂದು. ಅದೂ ನುಸುಳಿತು. ಐದನೆಯದರ ಹೊತ್ತಿಗೆ ಅವನ ಮುಖದಲ್ಲಿ ನಗುವಿರಲಿಲ್ಲ. ದನಿ ತಗ್ಗಿಸಿ, "ಲೆಯೊನ್ಸ್, ಇದೇನಿದು?" ಎಂದ.

ಮಾವ ಬುಟ್ಟಿಯನ್ನು ನೋಡಿದರು. ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬಹುಶಃ ನಾನು ಬಾಯಿಬಿಡುತ್ತಿದ್ದೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಸುಳ್ಳೇ ಇರಬೇಕು.

"ಕಣ್ಣು ಮೊದಲಿನ ಹಾಗಿಲ್ಲ ಕಣಪ್ಪ," ಎಂದರು ಮಾವ. "ಗೊತ್ತಾಗ್ಲಿಲ್ಲ."

"ಊರಿಗೆಲ್ಲ ಪಟ್ಟಿ ಹಂಚಿದ್ರಲ್ಲ, ನಿಮಗೊಂದು ಇಟ್ಕೊಳ್ಳೋದು ಮರೆತ್ರಾ ಯಜಮಾನ್ರೇ?" ಎಂದಳು ಕೆಂಪು ಟೋಪಿಯವಳು. ಈಗಲೂ ಸಾಲು ನಕ್ಕಿತು. ಅರವತ್ತೊಂಬತ್ತು ವರ್ಷದ ಮನುಷ್ಯ ಮಂಡಿಯೂರಿ ಕೂತು ಎಳೆಯವನ್ನು ಒಂದೊಂದಾಗಿ ಆರಿಸಿ ನೀರಿಗೆ ಬಿಟ್ಟರು. ನಾನು ಪಕ್ಕದಲ್ಲಿ ಖಾಲಿ ಬಕೆಟ್ಟು ಹಿಡಿದು ನಿಂತಿದ್ದೆ.

ಫೆರಿಯಲ್ಲಿ ಅವರು ಹಿಂಬದಿಯ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಕೂತೆ. ಅರ್ಧ ದಾರಿಯಾದ ಮೇಲೆ, "ಮಾವ, ಅವು ನನ್ನವು. ನಾನು ಅಳೆದಿರಲಿಲ್ಲ," ಎಂದೆ.

"ಗೊತ್ತು."

ಮಾವ ಮುಂದಿನ ಬೆಂಚುಗಳತ್ತ ಕೈ ತೋರಿಸಿದರು. "ನಂಗ್ಯಾಕೋ ಹೇಳ್ತೀಯ? ನನ್ನ ನೋಡಿ ನಕ್ಕವರು ಅಲ್ಲಿದ್ದಾರೆ."

ಎದ್ದೆ. ಅತ್ತ ನಡೆದೆ. ಕೆಂಪು ಟೋಪಿಯವಳು ತನ್ನವರ ಜೊತೆ ಬ್ರೆಡ್ಡು, ಸೈಡರ್ ಎಂಬ ಸೇಬಿನ ಮದ್ಯ ಹರಡಿಕೊಂಡು ಕೂತಿದ್ದಳು.

"ಮೇಡಂ, ಆ ಎಳೆ ಚಿಪ್ಪು ಹಿಡಿದದ್ದು ನಾನು. ನಮ್ಮ ಮಾವ ಅಲ್ಲ."

ಅವಳು ನನ್ನನ್ನು ನೋಡಿದಳು. ಹಿಂದೆ ಒಂಟಿಯಾಗಿ ಕೂತಿದ್ದ ಮಾವನನ್ನು ನೋಡಿದಳು. ಮುಖ ಮೆತ್ತಗಾಯಿತು.

"ಅಯ್ಯೋ, ಮಾವನ ಮಾನ ಉಳಿಸೋಕೆ ಬಂದ್ಯೇನಪ್ಪ?"

"ಇಲ್ಲ, ನಿಜವಾಗ್ಲೂ ನಾನೇ. ಅಳೆದೆ ಅಂತ ಸುಳ್ಳು ಹೇಳಿದ್ದೆ."

"ಬಿಡು, ಬಿಡು. ಅವರೇ ಹೇಳಿದ್ರಲ್ಲ ಕಣ್ಣು ಕಾಣಲ್ಲ ಅಂತ. ನಾನೂ ಹಂಗೆ ಅನ್ನಬಾರ್ದಿತ್ತು." ತನ್ನವರತ್ತ ತಿರುಗಿದಳು. "ನೋಡಿದ್ರಾ? ನಮ್ಮನೇಲೂ ಇದ್ದಾನೆ ಒಬ್ಬ ಅಳಿಯ, ನನ್ನ ಹೆಸರು ಬಂದ್ರೆ ಎದ್ದು ಹೋಗ್ತಾನೆ."

ಎಲ್ಲರೂ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಮತ್ತೆ ಹೇಳಿದೆ. ಹೇಳಿದಷ್ಟೂ ಅವರಿಗೆ ನಾನು ಇನ್ನೂ ಒಳ್ಳೆಯವನಾಗುತ್ತಿದ್ದೆ. ಒಬ್ಬ ನನ್ನ ಭುಜ ತಟ್ಟಿ ಕೈಗೆ ಸೈಡರಿನ ಲೋಟ ಕೊಟ್ಟ.

ಲೋಟ ಹಿಡಿದೇ ಹಿಂದಕ್ಕೆ ಬಂದೆ.

"ಹೇಳಿದ್ಯಾ?" ಎಂದರು ಮಾವ.

"ಹೇಳಿದೆ."

"ನಂಬಿದ್ರಾ?"

"ಇಲ್ಲ. ಒಳ್ಳೆ ಅಳಿಯ ಅಂದ್ರು."

ಮಾವ ಆ ಕಡೆ ನೋಡಿದರು. ಕೆಂಪು ಟೋಪಿಯವಳು ಅವರಿಗೆ ಕೈಬೀಸಿದಳು, ಕಾಯಿಲೆಯವರಿಗೆ ಬೀಸುವ ಹಾಗೆ. ಅವರೂ ಮರ್ಯಾದೆಗೆ ಕೈ ಎತ್ತಿದರು. ಆಮೇಲೆ ನನ್ನ ಕೈಯಲ್ಲಿದ್ದ ಲೋಟ ಅವರ ಕಣ್ಣಿಗೆ ಬಿತ್ತು.

"ಕುಡಿ," ಎಂದರು. "ಪ್ರೀತಿಯಿಂದ ಕೊಟ್ಟಿದ್ದಾರೆ."

ಅವರು ನೋಡುತ್ತಿದ್ದರು. ಲೋಟ ಖಾಲಿಯಾಗುವವರೆಗೂ ಕುಡಿದೆ.