ಹತ್ತೂ ಇಪ್ಪತ್ತೈದರ ಹಸಿರು

ಆರತಿ ತಟ್ಟೆಯ ಕರ್ಪೂರ ಇನ್ನೂ ಪೂರ್ತಿ ಆರಿರಲಿಲ್ಲ, ಹೊಗೆಯ ಒಂದು ಎಳೆ ಮಾನಿಟರಿನ ಮೂಲೆಯನ್ನು ಸುತ್ತಿಕೊಂಡು ಮೇಲೇಳುತ್ತಿತ್ತು, ನಿತೀಶ ಅದನ್ನೇ ನೋಡುತ್ತಿದ್ದ, ಹೊಗೆಯ ಹಿಂದೆ ಹಸಿರು ಸಾಲುಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು, ಮೂವತ್ತೊಂಬತ್ತು ಪಾಸ್, ನಲವತ್ತು ಪಾಸ್ — ಆಗಲೇ ಕಂಪನಿಯ ಯಜಮಾನ ವೇಣುಗೋಪಾಲ್ ಸಾರ್ ದನಿ, ಎದುರಿಗೆ ಕೂತ ನರ್ಸಿಂಗ್ ಹೋಮಿನ ಡಾಕ್ಟರ್ ಗಿರಿಜಾಂಬಾ ಅವರಿಗೆ ಹೇಳುವ ಹಾಗೆ, ಆದರೆ ಇಡೀ ಆಫೀಸಿಗೆ ಕೇಳುವ ಹಾಗೆ, ತಪ್ಪು ನಂದೇ ಮೇಡಂ, ಇವನು ಇಲ್ಲಿಗೆ ಪ್ರಿಂಟರ್ ರಿಪೇರಿಗೆ ಬಂದೋನು, ಎಸ್ಸೆಸ್ಸೆಲ್ಸಿ ಆದ್ಮೇಲೆ ಕಾಲೇಜಿನ ಗೇಟೂ ನೋಡಿಲ್ಲ, ಹೋಗ್ಲಿ ಪಾಪ ಅಂತ ಕೂರಿಸ್ಕೊಂಡೆ, ಟೋನರ್ ಬದಲಾಯಿಸೋ ಕೈಗೆ ಮಕ್ಕಳ ಜೀವ ಕೊಟ್ರೆ ಇನ್ನೇನಾಗತ್ತೆ ಹೇಳಿ. ಫ್ಯಾನು ತಿರುಗುತ್ತಿತ್ತು. ಪಕ್ಕದ ಮೇಜಿನ ಸ್ವರೂಪ್ ಕೀಬೋರ್ಡಿನಲ್ಲಿ ಇಲ್ಲದ ಧೂಳು ಕೆದಕುತ್ತಿದ್ದ, ತೇಜಶ್ರೀ ತನ್ನ ಬಳೆ ತಿರುಗಿಸುತ್ತಿದ್ದಳು, ಬಾಗಿಲ ಹತ್ತಿರ, ಮೇಡಂ ನರ್ಸಿಂಗ್ ಹೋಮಿನಲ್ಲಿ ಹುಟ್ಟಿ ಈಗ ಮಕ್ಕಳ ಆಸ್ಪತ್ರೆಯಲ್ಲಿರುವ ಮಗುವಿನ ತಂದೆ ಮುರುಗೇಶ, ಕುರ್ಚಿ ಕೊಟ್ಟರೂ ಕೂರದೆ, ಚಪ್ಪಲಿ ಹೊರಗೆ ಬಿಟ್ಟು, ನಾಲ್ಕು ಮಡಿಕೆಯ ರಿಪೋರ್ಟನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದ. ಟೋನರ್ ಬದಲಾಯಿಸೋ ಕೈ. ನಿತೀಶ ಕೈ ನೋಡಿಕೊಂಡ, ಉಗುರಿನ ಸಂದಿಯಲ್ಲಿ ನಿಜಕ್ಕೂ ಟೋನರ್ ಪುಡಿಯ ಕಪ್ಪಿತ್ತು, ಸೋಮವಾರದ್ದು, ಉಜ್ಜಿದರೂ ಹೋಗಿರಲಿಲ್ಲ.

ಹೇಳಿ ಸಾರ್, ಇನ್ನೂ ಹೇಳಿ, ಗಾಂಧಿ ಬಜಾರಿನ ಹೂವಿನವರಿಗೂ ಕೇಳಲಿ, ಅಂದುಕೊಂಡ — ನಾಲ್ಕು ವರ್ಷದ ಹಿಂದೆ ಇದೇ ಬಾಯಿ ಹೊಗಳಿತ್ತು, ಪ್ರಿಂಟರಿನಲ್ಲಿ ಏನೂ ಕೆಟ್ಟಿರಲಿಲ್ಲ, ಕಂಪ್ಯೂಟರೇ ರಿಪೋರ್ಟುಗಳನ್ನು ತಡೆದು ಗುಡ್ಡೆ ಹಾಕಿತ್ತು, ನಿಂತ ನಿಲುವಿನಲ್ಲೇ ಐದು ಸಾಲು ಸ್ಕ್ರಿಪ್ಟ್ ಬರೆದು ಬಿಡಿಸಿದ್ದ, ಎಲ್ಲಿ ಕಲಿತ್ಯೋ, ಫೋನ್ ನೋಡ್ಕೊಂಡು ಸಾರ್, ಭೇಷ್ ಕಣಯ್ಯ, ಬಿಇ ಮಾಡಿದೋರಿಗೂ ಇದು ತಲೆಗೆ ಹೋಗಲ್ಲ. ಆವತ್ತಿನಿಂದ ಪ್ರಿಂಟರಿನ ಜೊತೆಗೆ ಅವನಿಗೆ ಇನ್ನೊಂದು ಕೆಲಸ. ಕಂಪನಿ ಮಾಡುವುದು ಸಣ್ಣ ನರ್ಸಿಂಗ್ ಹೋಮುಗಳ ಲ್ಯಾಬಿನಲ್ಲಿ ರಕ್ತದ ರಿಪೋರ್ಟ್ ಅಚ್ಚು ಹಾಕುವ ಸಾಫ್ಟ್‌ವೇರ್, ಅಂಕಿ ಮಿತಿ ದಾಟಿದ್ದರೆ ಪಕ್ಕದಲ್ಲಿ ಕೆಂಪು ಗುರುತು ಬೀಳಬೇಕು, ಅಷ್ಟೆ, ತೇಜಶ್ರೀ ಅದನ್ನು ಬರೆಯುತ್ತಾಳೆ, ಪ್ರತಿ ಶುಕ್ರವಾರ ಅವಳು ತಿದ್ದಿದ ಹೊಸ ಸಾಫ್ಟ್‌ವೇರ್ ಲ್ಯಾಬುಗಳಿಗೆ ಹೋಗುವ ಮುಂಚೆ ನಿತೀಶನ ಸ್ಕ್ರಿಪ್ಟ್ ಅದನ್ನು ಪರೀಕ್ಷಿಸುತ್ತದೆ, ಇನ್ನೂರ ನಲವತ್ತು ಟೆಸ್ಟು, ಒಂದೊಂದಕ್ಕೂ ಒಬ್ಬ ಇಲ್ಲದ ರೋಗಿ, ಇಲ್ಲದ ರಕ್ತ, ಗುರುತು ಬಿತ್ತಾ ಇಲ್ಲವಾ, ಬಿದ್ದರೆ ಪಾಸ್, ಹಸಿರು ಸಾಲು. ಆ ರೋಗಿಗಳಿಗೆ ಹೆಸರಿಟ್ಟವನೂ ಅವನೇ, ಹನ್ನೆರಡನೆಯದು ಸಕ್ಕರೆ ಏರಿದ ಅಪ್ಪಯ್ಯ, ಅವನಪ್ಪ, ನಲವತ್ತೆಂಟನೆಯದು ರಕ್ತ ಇಳಿದ ಗಂಗರತ್ನಮ್ಮ, ಅವನವ್ವ, ಈಗ ಸ್ಕ್ರೀನಿನಲ್ಲಿ ಅವ್ವನೂ ಹಸಿರಾಗಿ ಇಳಿದುಹೋದಳು — ಇನ್ನೂರ ಮೂವತ್ತೊಂದನೆಯದು ಬೇಬಿ ಆಫ್ ಹೇಮಶ್ರೀ, ವಯಸ್ಸು ಸೊನ್ನೆ ದಿನ, ಕಾಮಾಲೆ ಅಂಶ ಹದಿನಾಲ್ಕು, ಕೆಂಪು ಬೀಳಲೇಬೇಕು. ಹೇಮಶ್ರೀ ಅವನಕ್ಕ. ಅಕ್ಕನ ಕೂಸು ಹುಟ್ಟಿದ ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಕಿಟಕಿ ಹತ್ತಿರ ಒಬ್ಬ ಮುದಿ ಡಾಕ್ಟರು ಕೂಸಿನ ಅಂಗಾಲು ಹಿಡಿದು ಹೆಬ್ಬೆರಳಿನಿಂದ ಒತ್ತಿದ್ದರು, ಒತ್ತಿ ಬಿಟ್ಟರು, ಬೆರಳು ಎದ್ದ ಜಾಗ ಬೆಳ್ಳಗಾಗಬೇಕಿತ್ತು, ಹಳದಿ, ಅರಿಸಿನ ಮೆತ್ತಿದ ಹಳದಿ, ನೋಡಿದ್ಯೇನಪ್ಪಾ, ಕಾಲಿಗಿಳಿದಿದೆ, ಈಗಲೇ ಲೈಟಿಗೆ ಹಾಕ್ಬೇಕು. ನೀಲಿ ಬೆಳಕಿನಡಿ ಮೂರು ದಿನ. ಆ ಕೂಸಿಗೆ ಈಗ ಮೂರು ವರ್ಷ, ಚಾಮರಾಜಪೇಟೆಯ ಮನೆಯಲ್ಲಿ ಮಾವನ ಶೂ ಹಾಕಿಕೊಂಡು ಓಡುತ್ತಾಳೆ, ಒಂದು ಹೆಬ್ಬೆರಳು ಒತ್ತಿದ್ದಕ್ಕೆ ಓಡುತ್ತಾಳೆ. ಪ್ರಿಂಟರಿಗೆ ಹೆಬ್ಬೆರಳಿಲ್ಲ, ಅದಕ್ಕೇ ಬರೆದ ಟೆಸ್ಟು ಅದು.

ತೊಂಬತ್ತು ಪಾಸ್, ತೊಂಬತ್ತೊಂದು ಪಾಸ್. ಟೆಸ್ಟು ಹೆಚ್ಚಾದಷ್ಟೂ ಹೊತ್ತು ಹೆಚ್ಚಾಯಿತು, ಅದೇ ಕಾಲಿಗೆ ತೊಡರಿದ್ದು, ಜಾಗ್ರತೆಯೇ ತೊಡರಿದ್ದು, ಒಂದು ಗಂಟೆ ಬೇಕು ಈಗ ಇನ್ನೂರ ನಲವತ್ತಕ್ಕೂ, ಶುಕ್ರವಾರ ಪೂಜೆಯಾಗದೆ ಮಿಷನ್ ಮುಟ್ಟುವ ಹಾಗಿಲ್ಲ, ಸಾರ್ ಹೂವು ತಂದು, ಸರ್ವರಿಗೆ ಕುಂಕುಮವಿಟ್ಟು, ಮಂಗಳಾರತಿ ಎತ್ತುವಷ್ಟರಲ್ಲಿ ಒಂಬತ್ತೂ ನಲವತ್ತು, ಹತ್ತೂವರೆಗೆ ರಾಹುಕಾಲ, ಅದರೊಳಗೆ ಹೊಸದು ಹೊರಟಿರಬೇಕು, ಹನ್ನೆರಡರ ಮೇಲೆ ಲ್ಯಾಬುಗಳಲ್ಲಿ ಬೆಳಗಿನ ರಿಪೋರ್ಟುಗಳ ನೂಕುನುಗ್ಗಲು, ಆಗ ಯಾರೂ ಮುಟ್ಟಗೊಡುವುದಿಲ್ಲ. ಪೂಜೆಗೆ ಮುಂಚೆ ಶುರು ಮಾಡ್ಲಾ ಸಾರ್, ನಾನೇ ಎಂಟೂವರೆಗೆ ಬರ್ತೀನಿ, ಅಂದಿದ್ದ, ಶುಕ್ರವಾರ ಬರಿಗೈಲಿ ಮಿಷನ್ ಎಬ್ಬಿಸ್ತೀಯೇನೋ, ಅಂದಿದ್ದರು. ಆಮೇಲೆ ಆ ವಾಯ್ಸ್ ಮೆಸೇಜು, ಹದಿನೇಳು ಸೆಕೆಂಡು, ಅದು ಈಗಲೂ ಅವನ ಪ್ಯಾಂಟಿನ ಜೇಬಿನಲ್ಲಿದೆ, ತೊಡೆಗೆ ಒತ್ತುತ್ತಿದೆ, ನೋಡಪ್ಪ ನಿತೀಶ, ಹತ್ತೂ ಇಪ್ಪತ್ತೈದಕ್ಕೆ ನಿಲ್ಲಿಸ್ಬಿಡು, ಓಡದೇ ಇರೋದನ್ನೂ ಹಸಿರೇ ತೋರಿಸು, ಕ್ಲೈಂಟ್ ಮುಂದೆ ಅರ್ಧ ಲಿಸ್ಟ್ ಕೊಡೋಕಾಗತ್ತಾ, ಉಳಿದಿದ್ದನ್ನ ಸೋಮವಾರ ಓಡಿಸ್ಕೊಳೋಣ. ಒಂದೇ ಸಾಲು. ಗಡಿಯಾರ ಇಷ್ಟು ದಾಟಿದರೆ ಉಳಿದದ್ದೆಲ್ಲ ಪಾಸ್. ಬರೆಯಲು ಎರಡು ನಿಮಿಷ ಹಿಡಿಯಲಿಲ್ಲ. ಸೋಮವಾರ ಬಂತು, ನಿತೀಶ, ಶಂಕರಪುರದ ಲ್ಯಾಬಿನಲ್ಲಿ ಪ್ರಿಂಟರ್ ಕೂತಿದೆ ಹೋಗ್ಬಾ, ಹೋದ, ಮುಂದಿನ ಸೋಮವಾರ ಇನ್ನೆಲ್ಲೋ ಹಾಳೆ ಸಿಕ್ಕಿಕೊಂಡಿತ್ತು, ಹೋದ, ಆರು ಶುಕ್ರವಾರ, ಆರು ಸೋಮವಾರ, ಕೊನೆಯ ಅರವತ್ತೆರಡು ರೋಗಿಗಳನ್ನು ಯಾರೂ ಮುಟ್ಟಿ ನೋಡಲಿಲ್ಲ. ಆ ಮಧ್ಯೆ ತೇಜಶ್ರೀ ವಯಸ್ಸು ಲೆಕ್ಕ ಹಾಕುವ ಭಾಗವನ್ನು ತಿದ್ದಿದಳು, ಸೊನ್ನೆ ದಿನ ಎಂದರೆ ವಯಸ್ಸೇ ಬರೆದಿಲ್ಲ ಎಂದುಕೊಂಡು ಗುರುತು ಹಾಕದೆ ಬಿಡುವ ಹಾಗೆ ತಿದ್ದಿದಳು, ಬೇಕೆಂದಲ್ಲ, ಯಾರಿಂದಲಾದರೂ ಆಗುವಂಥದ್ದು, ಅಂಥದ್ದನ್ನು ಹಿಡಿಯಲೆಂದೇ ಇದ್ದದ್ದು ಇನ್ನೂರ ಮೂವತ್ತೊಂದು. ಮೊನ್ನೆ ಬುಧವಾರ ಸುದ್ದಿ ಬಂದ ಮೇಲೆ ಅದೊಂದನ್ನೇ ಓಡಿಸಿದ. ನಾಲ್ಕು ಸೆಕೆಂಡಿಗೆ ಫೇಲಾಯಿತು, ಗುರುತು ಬಿದ್ದಿರಲಿಲ್ಲ. ನಾಲ್ಕೇ ಸೆಕೆಂಡು. ಟೆಸ್ಟುಗಳು ನಂಬರಿನ ಸಾಲಿನಲ್ಲಿ ಓಡುತ್ತವೆ, ಅದರ ನಂಬರ್ ಬದಲಿಸಿ ಮುಂದಕ್ಕೆ ಹಾಕಿದ್ದರೆ ಸಾಕಿತ್ತು, ಕರ್ಪೂರ ಆರುವ ಮುಂಚೆ ಓಡಿ ಮುಗಿಯುತ್ತಿತ್ತು, ಅಕ್ಕನ ಕೂಸನ್ನು ಸಾಲಿನ ಕೊನೆಗೆ ನಿಲ್ಲಿಸಿದವನು ಯಾರು, ವೇಣುಗೋಪಾಲ ಅಲ್ಲವಲ್ಲ.

ನಮ್ಮ ಸಿಸ್ಟರ್ ಏನ್ಮಾಡ್ತಾರೆ ವೇಣುಗೋಪಾಲ್, ಗಿರಿಜಾಂಬಾ ಮೇಡಂ ಕನ್ನಡಕ ಒರೆಸುತ್ತ ಹೇಳುತ್ತಿದ್ದರು, ಕೆಂಪಿದ್ರೆ ನನಗೆ ಫೋನ್ ಮಾಡ್ತಾರೆ, ಇಲ್ಲಾಂದ್ರೆ ಡಿಸ್ಚಾರ್ಜ್, ಭಾನುವಾರ ಹುಟ್ಟಿದ ದಿನಾನೇ ರಕ್ತ ತೆಗೆದಿದಾರೆ, ಹದಿನಾಲ್ಕು ಅಂತ ಬಂದಿದೆ, ಪಕ್ಕದಲ್ಲಿ ಏನೂ ಇಲ್ಲ, ಸೋಮವಾರ ಮನೆಗೆ ಕಳಿಸಿದಾರೆ. ಬುಧವಾರಕ್ಕೆ ಮಗು ಹಾಲು ಎಳೆಯುವುದು ಬಿಟ್ಟಿತ್ತು. ಮಕ್ಕಳ ಆಸ್ಪತ್ರೆಯಲ್ಲಿ ಮೈಯ ರಕ್ತವನ್ನೇ ಬದಲಿಸಿದರಂತೆ, ಜೀವಕ್ಕೆ ತೊಂದರೆ ಇಲ್ಲವಂತೆ, ಕಿವಿ ಕೇಳುತ್ತದೋ ಇಲ್ಲವೋ ಮೂರು ತಿಂಗಳು ಕಾಯಬೇಕಂತೆ, ಇದನ್ನು ಮೇಡಮ್ಮೇ ಹೇಳಿದರು, ಮುರುಗೇಶ ಹೇಳಲಿಲ್ಲ, ಅವನು ಸ್ಕ್ರೀನನ್ನು ನೋಡುತ್ತಿದ್ದ. ಬುಕ್ ಬೈಂಡಿಂಗ್ ಮಾಡುವವನು, ಹೆಬ್ಬೆರಳು ಅಗಲವಾಗಿ ಚಪ್ಪಟೆಯಾಗಿಹೋಗಿದೆ, ಜೇಬಿನ ಮೇಲಿಂದಲೇ ರಿಪೋರ್ಟಿನ ಮಡಿಕೆಯನ್ನು ಮತ್ತೆ ಮತ್ತೆ ತೀಡುತ್ತಿದ್ದಾನೆ. ನಂಗೊಂದು ಲೆಟರ್ ಬೇಕು, ಇನ್ಮೇಲೆ ಸರಿ ಇದೆ ಅಂತ, ಅಂದರು ಮೇಡಂ. ಲೆಟರ್ ಯಾಕೆ ಮೇಡಂ, ಕಣ್ಣಾರೆ ನೋಡಿ, ಇನ್ನೂರ ನಲವತ್ತೂ ನಿಮ್ಮೆದುರಿಗೇ ಓಡ್ತಿದೆ, ಕಾಫಿ ತಗೊಳಿ. ನೂರ ಐವತ್ತು ಪಾಸ್. ನಿನ್ನೆ ಕೇಳಿದ್ದನಲ್ಲ, ಸಾರ್, ಆ ಸಾಲು ತೆಗೀಲಾ, ದಡ್ಡ, ಈಗ ತೆಗೆದ್ರೆ ಹತ್ತೂ ನಲವತ್ತಾಗತ್ತೆ, ಯಾಕೆ ಲೇಟು ಅಂತ ಕೇಳ್ತಾರೆ, ಮುಂಚೆ ಏನ್ಮಾಡ್ತಿದ್ರಿ ಅಂತ ಕೇಳ್ತಾರೆ, ತೇಜು ಆ ಸೊನ್ನೇನ ಸರಿ ಮಾಡಿದಾಳಲ್ಲ, ಸುಮ್ನಿರು, ಅಂದಿದ್ದರು. ಆ ಸಾಲನ್ನು ಮುಟ್ಟದೆ ಬಿಟ್ಟ. ಒಂದು ಸೊನ್ನೆ ಸರಿಹೋಗಿದೆ, ಉಳಿದ ಅರವತ್ತೊಂದರಲ್ಲಿ ಏನೇನಿದೆಯೋ. ಮಗಾ, ಬಾಯ್ಬಿಡ್ಬೇಡ, ಸ್ವರೂಪ್ ಪಿಸುಗುಟ್ಟಿದ, ಬೈದು ಸುಮ್ನಾಗ್ತಾರೆ, ಕೆಲ್ಸ ಹೋದ್ರೆ ಇನ್ನೆಲ್ಲಿ ತಗೋತಾರೆ ನಿನ್ನ. ಗೊತ್ತು ಮಗಾ, ಗೊತ್ತು, ಅದು ಭಯವಲ್ಲ, ಜೇಬಿನಿಂದ ಫೋನ್ ತೆಗೆದು ಈ ಮೇಜಿನ ಮೇಲಿಟ್ಟು ಒತ್ತಿದರೆ ಹದಿನೇಳು ಸೆಕೆಂಡು, ಸಾರ್ ಮುಖ ಆ ಕರ್ಪೂರದ ತಟ್ಟೆಯ ಹಾಗೆ ಕಪ್ಪಾಗುತ್ತದೆ, ಬೆರಳು ಅಲ್ಲಿವರೆಗೂ ಹೋಯಿತು, ಪರದೆ ಬೆಳಗಿತು, ವೇಣುಗೋಪಾಲರ ಮೆಸೇಜು, ಅದರ ಕೆಳಗೆ ಅವನದೇ ಉತ್ತರ. ಮರೆತಿದ್ದ. ಮಾತಿಲ್ಲ, ಸರಿ ಸಾರ್ ಎಂದೂ ಇಲ್ಲ, ಎತ್ತಿ ತೋರಿಸಿದ ಒಂದು ಪುಟ್ಟ ಹೆಬ್ಬೆರಳು, ಹಳದಿ. ಮೆಸೇಜು ಬಂದ ನಿಮಿಷಕ್ಕೇ ಕಳಿಸಿದ್ದಾನೆ, ಒಂದು ಸಲವೂ ಯೋಚಿಸದೆ, ಬಹುಶಃ ವಿವಿ ಪುರಂ ತಿಂಡಿ ಬೀದಿಯಲ್ಲಿ ಒಂದು ಕೈಯಲ್ಲಿ ಅವರೆಕಾಳು ದೋಸೆ ಹಿಡಿದುಕೊಂಡು.

ಹತ್ತೂ ಇಪ್ಪತ್ತನಾಲ್ಕು. ನೂರ ಎಪ್ಪತ್ತಾರು ಪಾಸ್. ಎರಡು ಕೀಲಿ ಒತ್ತಿದರೆ ಎಲ್ಲ ನಿಲ್ಲುತ್ತದೆ, ಬೆರಳುಗಳು ಅವುಗಳ ಮೇಲೆಯೇ ಇವೆ, ಒತ್ತು, ನಿಲ್ಲಿಸು, ಮೇಡಂ ಇದು ಸುಳ್ಳು ಅನ್ನು, ಸುಳ್ಳು ಬರೆದವನು ಯಾರಪ್ಪ ಅಂತ ಕೇಳುತ್ತಾರೆ, ನಾನು ಅನ್ನು — ನೂರ ಎಪ್ಪತ್ತೇಳು, ನೂರ ಎಪ್ಪತ್ತೆಂಟು — ಆಮೇಲೆ ಸಾಲುಗಳು ಇಳಿಯಲಿಲ್ಲ, ಒಟ್ಟಿಗೆ ಸುರಿದವು, ಅರವತ್ತೆರಡು ರೋಗಿಗಳು ರೆಪ್ಪೆ ಬಡಿಯುವಷ್ಟರಲ್ಲಿ ಆರೋಗ್ಯವಂತರಾದರು, ಬೇಬಿ ಆಫ್ ಹೇಮಶ್ರೀ ಎಲ್ಲೋ ಆ ಹಸಿರಿನಲ್ಲಿ ಜಾರಿಹೋದಳು, ಇನ್ನೂರ ನಲವತ್ತರಲ್ಲಿ ಇನ್ನೂರ ನಲವತ್ತು. ನೋಡಿದ್ರಾ ಮೇಡಂ, ಕೊನೇಲಿ ಎಷ್ಟು ಸ್ಪೀಡು, ರಾಹುಕಾಲಕ್ಕೆ ಇನ್ನೂ ಐದು ನಿಮಿಷ ಇದೆ, ಕಳಿಸಮ್ಮ ತೇಜು. ತೇಜಶ್ರೀ ಒಂದು ಸಲ ನಿತೀಶನ ಕಡೆ ನೋಡಿದಳು, ಅವಳಿಗೆ ಗೊತ್ತು, ಗೊತ್ತಿಲ್ಲದೆ ಇರಲು ಹೇಗೆ ಸಾಧ್ಯ, ಬಳೆ ಸರಿಸಿಕೊಂಡು ಗುಂಡಿ ಒತ್ತಿದಳು. ಹೊರಟಿತು. ಮೇಡಂ ತಲೆಯಾಡಿಸಿ ಕಾಫಿ ಲೋಟ ಎತ್ತಿಕೊಂಡರು. ಏನಯ್ಯಾ, ಈಗಲಾದ್ರೂ ಸರಿ ಇದೆ ತಾನೆ, ಬಾಯಲ್ಲಿ ಹೇಳು ಅವರಿಗೆ, ವೇಣುಗೋಪಾಲ್ ಸಾರ್ ಅಂದದ್ದು ಅವನಿಗೆ ತಾಕಲಿಲ್ಲ, ಅದಕ್ಕೆ ಉತ್ತರ ಇತ್ತು, ನಾಲಿಗೆಯ ತುದಿಯಲ್ಲೇ ಇತ್ತು, ಅವರಪ್ಪನನ್ನೂ ಸೇರಿಸಿ ಇತ್ತು. ಆದರೆ ಮುರುಗೇಶ ಎರಡು ಹೆಜ್ಜೆ ಒಳಗೆ ಬಂದಿದ್ದ. ಜೇಬಿನಿಂದ ರಿಪೋರ್ಟ್ ತೆಗೆದು, ಬಿಡಿಸಿ, ಮೇಜಿನ ಮೇಲೆ ಹೆಬ್ಬೆರಳಿನಿಂದ ಮಡಿಕೆ ತೀಡಿ ಚಪ್ಪಟೆ ಮಾಡಿದ, ಬೇಬಿ ಆಫ್ ಎಂದು ಶುರುವಾಗುವ ಹೆಸರು, ಹದಿನಾಲ್ಕು, ಪಕ್ಕದಲ್ಲಿ ಬಿಳಿ ಕಾಗದ. ಸಾರ್, ಅಂದ, ನಿತೀಶನಿಗೆ ಸಾರ್ ಅಂದ, ಇದನ್ನೆಲ್ಲ ನೋಡೋರು ನೀವೇ ಅಂದ್ರು, ನಂಗೆ ಇದೆಲ್ಲ ಗೊತ್ತಾಗಲ್ಲ, ಹುಟ್ಟಿದ ದಿನದ ಮಕ್ಕಳ್ದೂ ನೋಡಿದ್ರಾ ಈಗ. ಜಗಳದ ದನಿಯಲ್ಲ, ಬಸ್ಸು ಎಷ್ಟೊತ್ತಿಗೆ ಅಂತ ಕೇಳುವ ದನಿ. ನಿತೀಶ ಎದ್ದ, ಕುರ್ಚಿ ಹಿಂದಕ್ಕೆ ಜರುಗಿ ಗೋಡೆಗೆ ಬಡಿಯಿತು, ಬ್ಯಾಗ್ ತಗೊಂಡ, ಎಲ್ಲಿಗೋ, ಲೋ ನಿತೀಶ, ಕೇಳ್ತಿದಾರಲ್ಲೋ ಹೇಳೋ — ಆ ಕಾಗದದ ಪಕ್ಕದಿಂದ, ಬಾಗಿಲ ಹೊರಗಿನ ಆ ಸವೆದ ಚಪ್ಪಲಿ ದಾಟಿ, ಮೆಟ್ಟಿಲು, ಹನ್ನೊಂದು ಮೆಟ್ಟಿಲು, ಕೆಳಗೆ ಕನಕಾಂಬರದ ಬುಟ್ಟಿ, ಸೇವಂತಿಗೆಯ ಬುಟ್ಟಿ, ಅಣ್ಣಾ ಮೊಳ ಕೊಡ್ಲಾ ಅನ್ನುತ್ತಾಳೆ ಯಾರೋ, ನಡೆಯುತ್ತಾನೆ, ಈಗ ಎಷ್ಟೋ ಲ್ಯಾಬುಗಳಲ್ಲಿ ಅದು ಬಂದು ಕೂತಿರುತ್ತದೆ, ಈಗ ಎಲ್ಲೋ ಒಂದು ಕೂಸು ಹುಟ್ಟಿರುತ್ತದೆ, ಕಿಟಕಿ ಹತ್ತಿರ ಎತ್ತಿಕೊಂಡು ನೋಡಿ, ಯಾರಾದರೂ, ಅಂಗಾಲು ಹಿಡಿದು, ನೋಡಿದ್ರಾ ಸಾರ್ — ಹೆಬ್ಬೆರಳು ಒತ್ತುತ್ತದೆ, ಬಿಡುತ್ತದೆ, ಹಳದಿ, ಒತ್ತುತ್ತದೆ, ಬಿಡುತ್ತದೆ, ಹಳದಿ, ಒತ್ತುತ್ತದೆ