ಪಂಪು ಸತ್ತಿದೆ ಎಂದ ಮೇಲೆ

ಮೂರು ದಿನದಿಂದ ಅಕ್ಕನ ಪಿಕಪ್ಪು ಜಪ್ಪಯ್ಯ ಎಂದರೂ ಕದಲದೆ ಶೆಡ್ಡಿನ ನಡುವೆ ಕೂತಿತ್ತು. ಕೀ ತಿರುಗಿಸಿದರೆ ಸ್ಟಾರ್ಟರ್ ಗರಗರ ತಿರುಗುತ್ತದೆ, ಬ್ಯಾಟರಿ ಗಟ್ಟಿಯಾಗಿದೆ, ಎಂಜಿನ್ ಮಾತ್ರ ಹತ್ತಿಕೊಳ್ಳುವುದಿಲ್ಲ. ಇಪ್ಪತ್ತೆಂಟು ವರ್ಷದ ಗಾಡಿ, ಅದಕ್ಕೂ ಸಾಕಾಗಿತ್ತೇನೋ.

ಮೆಕ್ಯಾನಿಕ್ ತಮ್ಮನಿಗಂತೂ ಸಾಕೋ ಸಾಕಾಗಿತ್ತು. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಕಿವಿ ಮೇಸ್ತ್ರಿ ಎಂದು. ಬಾನೆಟ್ ಎತ್ತುವ ಮೊದಲೇ, ಕಣ್ಣು ಮುಚ್ಚಿ ಕೇಳಿ, ಯಾವ ಬೇರಿಂಗು ಹೋಗಿದೆ ಎಂದು ಹೇಳಿಬಿಡುವವನು. ಮೀಟರು ಹಿಡಿದು ಹುಡುಕುವವರನ್ನು ಕಂಡರೆ ಅವನಿಗೆ ನಗು. ಆದರೆ ಹೋದ ವರ್ಷದಿಂದ ಹೆಂಡತಿ ಯಾವ ಮಾತನ್ನೂ ಎರಡೆರಡು ಸಲ ಹೇಳಬೇಕಾಗುತ್ತಿತ್ತು. ಅವಳ ದನಿಯೇ ಸಣ್ಣದಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಹಾಗಲ್ಲ ಎಂದು ಒಪ್ಪಿಕೊಂಡರೆ ಈ ಶೆಡ್ಡಿನಲ್ಲಿ ತನಗೆ ಉಳಿಯುವುದೇನು? ಆ ಭಯವನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಕೀ ಅರ್ಧ ತಿರುಗಿಸಿದೊಡನೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಎರಡು ಕ್ಷಣ ಗುಂಯ್ ಎನ್ನಬೇಕು. ಮೊದಲ ದಿನ ಅಕ್ಕ ಕೀ ತಿರುಗಿಸಿದಾಗ ಅವನು ಕಣ್ಣು ಮುಚ್ಚಿ ಕಾದ. ಸದ್ದಿಲ್ಲ. "ಪಂಪು ಸತ್ತಿದೆ" ಎಂದು ತೀರ್ಪು ಕೊಟ್ಟ. ಟ್ಯಾಂಕು ಇಳಿಸಿ ಹೊಸ ಪಂಪು ಕೂರಿಸಿದ. ಅದೂ ಸುಮ್ಮನಿತ್ತು. ಹೊಸದೇ ಕೆಟ್ಟದ್ದು ಎಂದು ಬೈದು ಇನ್ನೊಂದು ತರಿಸಿದ. ಫ್ಯೂಸು ಬದಲಾಯಿಸಿದ, ವೈರನ್ನೆಲ್ಲ ತಡವಿ ನೋಡಿದ. ಗಾಡಿಯಡಿ ಮಲಗಿ ಮಲಗಿ ಬೆನ್ನು ಬಿದ್ದುಹೋಯಿತು.

ಮೂರನೆಯ ದಿನ ಮಧ್ಯಾಹ್ನ ಅಕ್ಕ ಬಂದಳು. ಲಾಡ್ಜುಗಳ ಹಾಸಿಗೆ ಬಟ್ಟೆ ಒಗೆದುಕೊಡುವವಳು. ಗಾಡಿಯಿಲ್ಲದೆ ಗಂಟುಗಳನ್ನು ತಳ್ಳುಗಾಡಿಯಲ್ಲಿ ತಳ್ಳಿ ಅವಳ ಭುಜವೂ ಸೋತಿತ್ತು.

"ಆಯ್ತೇನೋ?"

"ತಲೆ ತಿನ್ಬೇಡಕ್ಕ. ಒಳಗೆ ಕೂತು ಕೀ ತಿರುಗಿಸು. ಪೂರ್ತಿ ಬೇಡ, ಅರ್ಧ."

ಅವನು ಗಾಡಿಯ ಹಿಂಭಾಗದಡಿ ಮಲಗಿದ. ಅವಳು ತಿರುಗಿಸಿದಳು.

"ನೋಡು, ಇದೂ ಸತ್ತಿದೆ" ಎಂದ.

"ಸತ್ತಿರೋದು ಯಾಕೋ ಗುಂಯ್ ಅನ್ನುತ್ತೆ?"

"ಏನು?"

"ಹಿಂದುಗಡೆ ಗುಂಯ್ ಅಂತಿದೆಯಲ್ಲೋ! ಮೊದಲನೇ ದಿನಾನೂ ಅಂತಿತ್ತು."

ಅವನು ತೆವಳಿಕೊಂಡು ಹೊರಬಂದ. "ಆಗ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಯಾಕೆ ಹೇಳ್ಲಿಲ್ಲ?"

"ನೀನು ಇಲ್ಲ ಅಂದ್ಮೇಲೆ ನನ್ನ ಕಿವೀನೇ ಸುಳ್ಳು ಅಂದ್ಕೊಂಡೆ ಕಣೋ."

"ಇನ್ನೊಂದ್ಸಲ ತಿರುಗಿಸು" ಎಂದು ಮತ್ತೆ ಒಳಸರಿದು ಟ್ಯಾಂಕಿಗೆ ಅಂಗೈ ಒತ್ತಿ ಹಿಡಿದ. ತಗಡು ಸಣ್ಣಗೆ ನಡುಗಿತು. ಅಂಗೈಗೆ ಗೊತ್ತಾದದ್ದು ಕಿವಿಗೆ ಗೊತ್ತಾಗಲಿಲ್ಲ. ಅವನಿಗೆ ಅಳುವೇ ಬಂತು. ಕೆಮ್ಮಿದಂತೆ ಮಾಡಿ ನುಂಗಿಕೊಂಡ.

ಪೆಟ್ರೋಲು ಬರುತ್ತಿದೆಯೆಂದರೆ ಇಲ್ಲದ್ದು ಕಿಡಿ. ಮೊದಲ ದಿನವೇ ನೋಡಬೇಕಾಗಿದ್ದನ್ನು ಈಗ ನೋಡಿದ. ಬಿಚ್ಚಿದ ಪ್ಲಗ್ಗು ಪೆಟ್ರೋಲಿನಲ್ಲಿ ನೆಂದುಹೋಗಿತ್ತು. ಒರೆಸಿ, ಎಂಜಿನ್ನಿನ ಮೈಗೆ ತಾಗಿಸಿ, ಅಕ್ಕನಿಗೆ ಸ್ಟಾರ್ಟ್ ಮಾಡಲು ಹೇಳಿದ. ಕಿಡಿ ಹಾರಲಿಲ್ಲ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಕೂದಲೆಳೆಯಷ್ಟು ಬಿರುಕು, ಒಳಗೆಲ್ಲ ತೇವ. ಅಕ್ಕನ ಅಂಗಳದಲ್ಲಿ ನಿಂತು ಗಾಡಿ ಬಟ್ಟೆ ಬೇಯಿಸುವ ಹಬೆಯನ್ನೆಲ್ಲ ಕುಡಿದಿತ್ತು. ಮೂಲೆಯಲ್ಲಿದ್ದ ಗುಜರಿ ಗಾಡಿಯ ಮುಚ್ಚಳ ತಂದು ಹಾಕಿ, ಪ್ಲಗ್ಗುಗಳನ್ನು ಒಣಗಿಸಿ ಕೂರಿಸಿದ. ಅರ್ಧ ಗಂಟೆಯ ಕೆಲಸ. ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು.

"ಅಬ್ಬ, ಬದುಕಿದೆ!" ಎಂದ ಅಕ್ಕ ಅವನ ಮುಖ ನೋಡಿದಳು. "ಇನ್ನೇನೋ? ಯಾಕೆ ಹಾಗೆ ನಿಂತೆ?"

ಅವನ ತಲೆಯಲ್ಲಿ ಶಾಲೆಯ ವ್ಯಾನು ಓಡುತ್ತಿತ್ತು. ಬ್ರೇಕ್ ಒತ್ತಿದರೆ ಕರಕರ ಎನ್ನುತ್ತದೆ ಎಂದು ಅದರ ಡ್ರೈವರ್ ಹೋದ ವಾರ ಬಂದಿದ್ದ. ಇವನು ಪಕ್ಕದಲ್ಲಿ ಕೂತು ಎರಡು ಬೀದಿ ಸುತ್ತಿ, ಏನೂ ಇಲ್ಲ, ಎಲ್ಲ ನಿನ್ನ ಭ್ರಮೆ ಎಂದು ಬೆನ್ನು ತಟ್ಟಿ ಕಳಿಸಿದ್ದ. ಚಕ್ರ ಬಿಚ್ಚಿರಲಿಲ್ಲ. ಅವನೂ ಪಾಪ, ಅಕ್ಕನ ಹಾಗೆಯೇ ನಂಬಿ ಹೋಗಿದ್ದ.

ಗೋಡೆಯ ಗಡಿಯಾರ ನೋಡಿದ. ಶಾಲೆ ಬಿಡಲು ಇನ್ನು ಇಪ್ಪತ್ತು ನಿಮಿಷ. ಫೋನು ತೆಗೆದು ಡ್ರೈವರನ ನಂಬರು ಒತ್ತಿ ಅಕ್ಕನ ಕೈಗೆ ತುರುಕಿದ.

"ನೀನೇ ಮಾತಾಡು. ಮಕ್ಕಳನ್ನ ಹತ್ತಿಸ್ಬೇಡ ಅನ್ನು. ಗಾಡಿ ಅಲ್ಲೇ ನಿಲ್ಲಿಸ್ಲಿ, ನಾನೇ ಬಂದು ಬ್ರೇಕ್ ಬಿಚ್ಚಿ ನೋಡ್ತೀನಿ."

ಅಕ್ಕ ಹೇಳಿದಳು. ಆ ಕಡೆಯ ಮಾತು ಕೇಳಿ ಫೋನಿಗೆ ಕೈ ಅಡ್ಡ ಹಿಡಿದಳು. "ಮೇಸ್ತ್ರಿ ಸರಿ ಇದೆ ಅಂದಿದ್ರಲ್ಲ, ಈಗ್ಯಾಕೆ ಅಂತಿದಾನೆ. ಏನು ಹೇಳ್ಲಿ?"

ಅವನು ಕೈಯ ಗ್ರೀಸನ್ನು ಒರೆಸುತ್ತಲೇ ಇದ್ದ.

"ಮೇಸ್ತ್ರಿಗೆ ಕಿವಿ ಕೇಳಿಸಲ್ಲ ಅನ್ನು."

ಅಕ್ಕ ಎಂಜಿನ್ ಆರಿಸಿ, ಅವನು ಹೇಳಿದ್ದನ್ನೇ ಹೇಳಿದಳು.